ವಂಶದ ಸತ್ಯ: ಯಾರಿಗೆ, ಎಷ್ಟು, ಯಾವಾಗ ಹೇಳಬೇಕು?

ಸತ್ಯವನ್ನು ನುಡಿಯಬೇಕೆಂಬುದರಲ್ಲಿ ಶಿಷ್ಟರಿಗೆ ವಿವಾದವಿಲ್ಲ. ಆದರೆ ಯಾವ ಸತ್ಯವನ್ನು, ಯಾರಿಗೆ, ಯಾವ ಕಾಲದಲ್ಲಿ, ಎಷ್ಟರ ಮಟ್ಟಿಗೆ ನುಡಿಯಬೇಕೆಂಬ ವಿಷಯದಲ್ಲಿ ಪ್ರಾಚೀನ ಕಾಲದಿಂದಲೂ ವಿಚಾರ ನಡೆದುಬಂದಿದೆ. ಗೀತೆಯ ಹದಿನೇಳನೆಯ ಅಧ್ಯಾಯವು ವಾಙ್ಮಯ ತಪಸ್ಸನ್ನು ನಿರೂಪಿಸುವಾಗ ಸತ್ಯವೊಂದನ್ನೇ ಹೇಳಿ ನಿಲ್ಲಿಸದೆ, ಕೇಳುವವನಿಗೆ ಉದ್ವೇಗವನ್ನುಂಟುಮಾಡದಿರುವುದು, ಪ್ರಿಯವಾಗಿರುವುದು, ಹಿತವಾಗಿರುವುದು ಎಂಬ ಲಕ್ಷಣಗಳನ್ನೂ ಕೂಡಿಸಿರುವುದನ್ನು ವಾಚಕರು ಬಲ್ಲರು. ಈ ಲಕ್ಷಣಗಳೆಲ್ಲ ಒಂದೇ ಮಾತಿನಲ್ಲಿ ಕೂಡಿಬಂದರೆ ಕ್ಲೇಶವಿಲ್ಲ. ಸತ್ಯವು ಅಪ್ರಿಯವಾದಾಗ, ಅಥವಾ ಒಬ್ಬರಿಗೆ ಹಿತವಾದದ್ದು ಮತ್ತೊಬ್ಬರಿಗೆ ಅಹಿತವೆಂದು ತೋರಿದಾಗ ಏನು ಮಾಡಬೇಕು? ಧರ್ಮಸಂಕಟವು ಅಲ್ಲಿಂದ ಆರಂಭವಾಗುತ್ತದೆ.

ಈ ಪ್ರಶ್ನೆ ನಮಗೆ ಗ್ರಂಥದಿಂದ ಮಾತ್ರ ಬಂದುದಲ್ಲ. ರೈಲ್ವೆ ಸೇವೆಯಿಂದ ನಿವೃತ್ತರಾಗಿ ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ನಮ್ಮ ಬಳಿಗೆ, ಸಂಸ್ಕೃತವನ್ನೂ ಪಂಚಾಂಗವನ್ನೂ ಅಷ್ಟಿಷ್ಟು ಬಲ್ಲವರೆಂಬ ಕಾರಣದಿಂದ, ಬಂಧುಮಿತ್ರರು ವಧೂವರರ ಜಾತಕಗಳನ್ನು ತರುವುದುಂಟು. ಕೆಲವು ವರ್ಷಗಳ ಹಿಂದೆ ಪರಿಚಯದ ಗೃಹಸ್ಥರೊಬ್ಬರು ಮಗಳ ಜಾತಕದೊಡನೆ ಒಂದು ರಕ್ತಪರೀಕ್ಷೆಯ ವರದಿಯನ್ನೂ ಮಡಚಿ ತಂದಿದ್ದರು. ಕಾಲೇಜಿನಲ್ಲಿ ನಡೆದ ತಪಾಸಣೆಯೊಂದರಲ್ಲಿ ಆಕೆಗೆ 'ಥಲಸೀಮಿಯಾ ಮೈನರ್' ಇದೆಯೆಂದು ತಿಳಿದಿತ್ತು. ಹುಡುಗಿ ಆರೋಗ್ಯವಂತೆ, ವಿದ್ಯಾವಂತೆ, ಉದ್ಯೋಗಸ್ಥೆ. ಜಾತಕವೂ ಕೂಡಿಬಂದಿತ್ತು. "ರಾಯರೇ, ಇದನ್ನು ಗಂಡಿನ ಕಡೆಯವರಿಗೆ ಹೇಳಬೇಕೆ? ಹೇಳಿದರೆ ಹುಡುಗಿಗೆ ರೋಗವಿದೆ ಎಂದು ನಾಲ್ಕು ಜನ ಆಡಿಕೊಳ್ಳುತ್ತಾರೆ. ಇವಳ ಹಿಂದೆ ತಂಗಿಯೂ ಇದ್ದಾಳೆ" ಎಂದು ಅವರು ಕೇಳಿದರು. ನಾವು ವರದಿಯನ್ನು ನೋಡಿ, ಇದು ರೋಗವಲ್ಲ, ವಾಹಕಸ್ಥಿತಿ ಮಾತ್ರ, ಆದ್ದರಿಂದ ಹೇಳುವ ಅಗತ್ಯವಿಲ್ಲ ಎಂದೆವು. ಆ ಮಾತಿನ ಪೂರ್ವಾರ್ಧ ನಿಜ, ಉತ್ತರಾರ್ಧ ತಪ್ಪು. ಆ ತಪ್ಪು ಎಲ್ಲಿ ನುಸುಳಿತೆಂಬ ಶೋಧನೆಯೇ ಈ ಲೇಖನ.

ವಿಷಯದ ಸ್ವರೂಪ

ಮೊದಲು ವಿಷಯವನ್ನು ತಿಳಿಯೋಣ. ಪ್ರತಿಯೊಬ್ಬರಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂಬಂತೆ ವಂಶವಾಹಿಗಳು ಜೊತೆಜೊತೆಯಾಗಿ ಬರುತ್ತವೆ. ರಕ್ತದ ಹಿಮೋಗ್ಲೋಬಿನ್ನಿಗೆ ಸಂಬಂಧಿಸಿದ ಜೋಡಿಯಲ್ಲಿ ಒಂದು ಮಾತ್ರ ಊನವಾಗಿದ್ದರೆ ಅವರು ವಾಹಕರು. ಅವರ ಆಯುಸ್ಸಿಗೂ ಕಾರ್ಯಕ್ಷಮತೆಗೂ ಬಾಧೆಯಿಲ್ಲ. ಪತಿಪತ್ನಿಯರಿಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ 'ಮೇಜರ್' ಎಂಬ ತೀವ್ರ ರೋಗ ಬರುವ ಸಂಭವವಿದೆ. ಅಂಥ ಮಗುವಿಗೆ ಎರಡು ವಾರದಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತವನ್ನು ಕೊಡಿಸುತ್ತಲೇ ಇರಬೇಕು. ಹಾಗೆ ಕೊಟ್ಟ ರಕ್ತದಿಂದ ದೇಹದಲ್ಲಿ ಸಂಗ್ರಹವಾಗುವ ಕಬ್ಬಿಣವನ್ನು ಹೊರಹಾಕಲು ಮತ್ತೆ ಔಷಧ ಬೇಕು. ಇಬ್ಬರಲ್ಲಿ ಒಬ್ಬರು ವಾಹಕರಲ್ಲದಿದ್ದರೆ ಈ ಭಯವೇ ಇಲ್ಲ. ವರನಿಗೆ ಒಂದು ಸಾಮಾನ್ಯ ರಕ್ತಪರೀಕ್ಷೆ ಮಾಡಿಸಿದರೆ ವಿಷಯ ಬಹುಮಟ್ಟಿಗೆ ಇತ್ಯರ್ಥವಾಗುತ್ತದೆ.

ಜಾತಕ ನೋಡುವ ರೂಢಿಯಿರುವ ನಮ್ಮ ಜನರಿಗೆ ಇಲ್ಲೊಂದು ಭ್ರಾಂತಿಯುಂಟಾಗುತ್ತದೆ. ಕುಜದೋಷವು ಇಬ್ಬರಿಗೂ ಇದ್ದರೆ ಪರಸ್ಪರ ಪರಿಹಾರವೆನ್ನುವುದು ವಾಡಿಕೆ. ಆ ಅಭ್ಯಾಸದಿಂದ, "ಇಬ್ಬರಿಗೂ ಮೈನರ್ ಇದ್ದರೆ ಸರಿಹೋಯಿತಲ್ಲ" ಎಂದು ಹೇಳಿದ ಹಿರಿಯರೊಬ್ಬರನ್ನು ನಾವು ಕಂಡಿದ್ದೇವೆ. ಇಲ್ಲಿ ಲೆಕ್ಕವು ತದ್ವಿರುದ್ಧ. ಒಬ್ಬರಿಗಿದ್ದರೆ ಬಾಧೆಯಿಲ್ಲ, ಇಬ್ಬರಿಗೂ ಇದ್ದರೆ ಅಪಾಯ. ನಾಲ್ಕರಲ್ಲಿ ಒಂದು ಎಂಬ ಮಾತನ್ನೂ ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. ಮೊದಲ ಮಗುವಿಗೆ ರೋಗ ಬಂದಿದೆ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದುಕೊಳ್ಳುತ್ತಾರೆ. ಪ್ರತಿ ಗರ್ಭಕ್ಕೂ ಲೆಕ್ಕವು ಹೊಸದಾಗಿ ಆರಂಭವಾಗುತ್ತದೆಂಬುದನ್ನು ನಿಧಾನವಾಗಿ, ಅವರ ಮನೆಮಾತಿನಲ್ಲಿ ತಿಳಿಸಬೇಕು. ಇದನ್ನು ತಿಳಿಸುವುದಕ್ಕೆಂದೇ ಒಂದು ವೃತ್ತಿಯಿದೆ. ಆಂಗ್ಲಭಾಷೆಯಲ್ಲಿ ಜೆನೆಟಿಕ್ ಕೌನ್ಸೆಲಿಂಗ್ ಎನ್ನುವ ಅದನ್ನು ಆನುವಂಶಿಕ ಸಮಾಲೋಚನೆ ಎನ್ನಬಹುದು.

ವೃತ್ತಿಯ ಹುಟ್ಟು ಮತ್ತು ಅದರ ಭಯ

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಶೆಲ್ಡನ್ ರೀಡ್ ಎಂಬ ವಿಜ್ಞಾನಿ ೧೯೪೭ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ೧೯೬೯ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಇದಕ್ಕೆ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಈ ವೃತ್ತಿಯ ಪ್ರಧಾನ ನಿಯಮವು ಕೇಳುವುದಕ್ಕೆ ವಿಚಿತ್ರವಾಗಿದೆ: ಸಲಹೆಗಾರನು ಸಲಹೆ ಕೊಡಬಾರದು! ರೋಗದ ಸ್ವರೂಪ, ಸಂಭವದ ಪ್ರಮಾಣ, ಲಭ್ಯವಿರುವ ಮಾರ್ಗಗಳು, ಇವುಗಳನ್ನು ಪಕ್ಷಪಾತವಿಲ್ಲದೆ ತಿಳಿಸಿ, ನಿರ್ಣಯವನ್ನು ಬಂದವರಿಗೇ ಬಿಡಬೇಕು. ನಮ್ಮ ಹಿಂದಿನ ಉದ್ಯೋಗದ ಭಾಷೆಯಲ್ಲಿ ಹೇಳುವುದಾದರೆ ಅವನು ನಿಲ್ದಾಣದ ವಿಚಾರಣಾ ಕಿಟಕಿಯಲ್ಲಿ ಕುಳಿತವನು. ಯಾವ ಗಾಡಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಬದಲಿಸಬೇಕು ಎಂದು ಹೇಳುವನೇ ಹೊರತು ನೀವು ಯಾವ ಊರಿಗೆ ಹೋಗಬೇಕೆಂದು ಹೇಳನು.

ಈ ಸಂಯಮದ ಹಿಂದೆ ಒಂದು ಘೋರವಾದ ಇತಿಹಾಸವಿದೆ. ೧೮೮೩ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 'ಯೂಜೆನಿಕ್ಸ್' ಎಂಬ ಶಬ್ದವನ್ನು ರೂಪಿಸಿದನು. ಉತ್ತಮ ವಂಶಗಳನ್ನು ಬೆಳೆಸಿ ಅಧಮ ವಂಶಗಳನ್ನು ತಡೆಯಬೇಕೆಂಬುದು ಅದರ ಅಭಿಪ್ರಾಯ. ೧೯೨೭ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬುದ್ಧಿಮಾಂದ್ಯರೆನಿಸಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು ವರ್ಜೀನಿಯ ರಾಜ್ಯಕ್ಕೆ ಅನುಮತಿಯಿತ್ತಿತು. ಜರ್ಮನಿಯಲ್ಲಿ ೧೯೩೩ರ ಶಾಸನದ ಬಲದಿಂದ ಸುಮಾರು ನಾಲ್ಕು ಲಕ್ಷ ಜನರನ್ನು ಸಂತಾನಹೀನರನ್ನಾಗಿಸಲಾಯಿತು. ಅವರಲ್ಲಿ ಅಪಸ್ಮಾರದವರು, ಕುರುಡರು, ಕಿವುಡರು ಸೇರಿದ್ದರು. ಜಪಾನಿನಲ್ಲಿ ಇಂಥದೇ ಶಾಸನವು ೧೯೪೮ರಿಂದ ೧೯೯೬ರವರೆಗೆ ಊರ್ಜಿತವಾಗಿದ್ದು ಸುಮಾರು ಇಪ್ಪತ್ತೈದು ಸಾವಿರ ಜನರನ್ನು ಪೀಡಿಸಿತು. ಅದು ಸಂವಿಧಾನಬಾಹಿರವಾಗಿತ್ತೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತದ್ದು ೨೦೨೪ರ ಜುಲೈ ತಿಂಗಳಿನಲ್ಲಿ. ಇದನ್ನೆಲ್ಲ ಮಾಡಿದವರಲ್ಲಿ ಬಹುಮಂದಿ ಲೋಕಹಿತವನ್ನೇ ಸಾಧಿಸುತ್ತಿದ್ದೇವೆಂದು ನಂಬಿದ್ದರು. ಹಿತದ ಹೆಸರಿನಲ್ಲಿ ಇನ್ನೊಬ್ಬರ ಬಾಳನ್ನು ನಿರ್ಣಯಿಸುವ ಪ್ರವೃತ್ತಿಗೆ ಕಡಿವಾಣವಾಗಿ 'ನಿರ್ದೇಶಿಸಬೇಡ' ಎಂಬ ನಿಯಮವು ಬಲಗೊಂಡಿತು.

ನಾವು ಇಲ್ಲಿ ಪರರನ್ನು ಮಾತ್ರ ದೂಷಿಸಿ ಕುಳಿತುಕೊಳ್ಳಲಾಗದು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಎಷ್ಟೇ ಸಂಪನ್ನವಾಗಿದ್ದರೂ ಸಂಬಂಧ ಬೆಳೆಸಬಾರದ ಕುಲಗಳನ್ನು ಎಣಿಸುವಾಗ ಕ್ಷಯ, ಅಪಸ್ಮಾರ, ತೊನ್ನು, ಕುಷ್ಠಗಳಿರುವ ಮನೆತನಗಳನ್ನು ಹೇಳಿದೆ. ಸಂತತಿಯ ಆರೋಗ್ಯವನ್ನು ಕುರಿತ ಆ ಕಾಳಜಿ ಸಹಜವಾದದ್ದೇ. ಆದರೆ ಕ್ಷಯವೂ ಕುಷ್ಠವೂ ಸೂಕ್ಷ್ಮಾಣುಗಳಿಂದ ಬರುವ, ಚಿಕಿತ್ಸೆಯಿಂದ ವಾಸಿಯಾಗುವ ರೋಗಗಳೆಂದು ಇಂದು ತಿಳಿದಿದೆ. ವಂಶದೋಷವೆಂದು ಬಗೆದು ಎಷ್ಟು ಮನೆಗಳನ್ನು ಸಮಾಜವು ದೂರವಿಟ್ಟಿತೋ! ಇಂದಿನ ಪ್ರಯೋಗಾಲಯದ ವರದಿಯಲ್ಲಿಯೂ ಅರ್ಥ ನಿಶ್ಚಿತವಾಗದ ವ್ಯತ್ಯಾಸಗಳು ಕಾಣಿಸಿಕೊಳ್ಳುತ್ತವೆ. ಒಮ್ಮೆ ಸಂದೇಹಾಸ್ಪದವೆನಿಸಿದ್ದು ಕೆಲವು ವರ್ಷಗಳ ಮೇಲೆ ನಿರುಪದ್ರವಿಯೆಂದು ತಿಳಿಯುವುದುಂಟು. ಹೇಳುವವನಿಗೆ ವಿನಯ ಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ದೇಶಾಂತರಗಳ ಕ್ರಮ

ಒಂದು ದೇಶದಲ್ಲಿ ಧರ್ಮವೆನಿಸಿದ್ದು ಇನ್ನೊಂದರಲ್ಲಿಯೂ ಹಾಗೆಯೇ ಎನಿಸುವುದೆ? ೧೯೯೦ರ ದಶಕದಲ್ಲಿ ಡೊರೊಥಿ ವರ್ಟ್ಜ್ ಮತ್ತು ಜಾನ್ ಫ್ಲೆಚರ್ ಎಂಬ ವಿದ್ವಾಂಸರು ೩೬ ದೇಶಗಳ ಸುಮಾರು ೨,೯೦೦ ತಜ್ಞರ ಅಭಿಪ್ರಾಯಗಳನ್ನು ಸಂಗ್ರಹಿಸಿದರು. ನಿರ್ದೇಶಿಸಬಾರದೆಂಬ ನಿಯಮವು ಆಂಗ್ಲಭಾಷೆಯ ದೇಶಗಳಲ್ಲಿಯೂ ಯೂರೋಪಿನ ವಾಯವ್ಯ ಭಾಗದಲ್ಲಿಯೂ ಬೇರೂರಿದೆ, ಜಗತ್ತಿನ ಉಳಿದ ಭಾಗಗಳಲ್ಲಿ ಬಹುಪಾಲು ತಜ್ಞರು ಮಾರ್ಗದರ್ಶನ ಮಾಡುವುದನ್ನೇ ಕರ್ತವ್ಯವೆಂದು ತಿಳಿದಿದ್ದಾರೆ ಎಂದು ಅದರಿಂದ ಹೊರಬಿತ್ತು.

ಸೈಪ್ರಸ್ ಒಂದು ಪುಟ್ಟ ದ್ವೀಪ. ಅಲ್ಲಿ ಸುಮಾರು ಏಳು ಜನರಲ್ಲಿ ಒಬ್ಬರು ಥಲಸೀಮಿಯಾ ವಾಹಕರು. ೧೯೮೦ರ ದಶಕದಿಂದ ಅಲ್ಲಿಯ ಚರ್ಚು ವಿವಾಹಕ್ಕೆ ಮೊದಲು ವಧೂವರರು ಪರೀಕ್ಷೆ ಮಾಡಿಸಿಕೊಂಡು ಸಮಾಲೋಚನೆ ಪಡೆದ ಪ್ರಮಾಣಪತ್ರವನ್ನು ಕೇಳುತ್ತದೆ. ಫಲಿತಾಂಶವೇನೆಂದು ಪಾದ್ರಿ ಕೇಳುವುದಿಲ್ಲ, ಮದುವೆಯನ್ನೂ ತಡೆಯುವುದಿಲ್ಲ. ತಿಳಿದು ಮದುವೆಯಾಗಿರಿ ಎಂಬುದಷ್ಟೇ ನಿಬಂಧನೆ. ರೋಗಪೀಡಿತ ಶಿಶುಗಳ ಜನನ ಅಲ್ಲಿ ಬಹುತೇಕ ನಿಂತುಹೋಗಿದೆ. ಆದರೆ ಅದರ ಹೆಚ್ಚಿನ ಪಾಲು ಗರ್ಭದಲ್ಲಿಯೇ ಪರೀಕ್ಷಿಸಿ ಗರ್ಭವನ್ನು ತೆಗೆಸುವುದರಿಂದ ಸಾಧಿತವಾದದ್ದೆಂಬುದನ್ನು ಮರೆಮಾಚಬಾರದು. ಸೌದಿ ಅರೇಬಿಯದಲ್ಲಿ ೨೦೦೪ರಿಂದ ಇಂಥ ಪರೀಕ್ಷೆ ಕಡ್ಡಾಯ, ನಿರ್ಣಯ ಮಾತ್ರ ವಧೂವರರದು. ಮೊದಮೊದಲು ಹೊಂದಾಣಿಕೆಯಿಲ್ಲವೆಂದು ತಿಳಿದ ಜೋಡಿಗಳಲ್ಲಿ ಬಹುಪಾಲು ಮದುವೆಯಾಗಿಯೇಬಿಟ್ಟರು. ನಿಶ್ಚಿತಾರ್ಥವೆಲ್ಲ ಮುಗಿದ ಮೇಲೆ ಬಂದ ಸತ್ಯಕ್ಕೆ ಬಲ ಕಡಿಮೆ. ವರ್ಷಗಳು ಕಳೆದಂತೆ ಹಿಂದೆಗೆಯುವವರು ಹೆಚ್ಚಿದರು.

ಚೀನಾ ೧೯೯೪ರಲ್ಲಿ ಮಾಡಿದ ಶಾಸನದಲ್ಲಿ, ಗಂಭೀರ ಆನುವಂಶಿಕ ರೋಗವಿರುವವರು ದೀರ್ಘಕಾಲದ ಗರ್ಭನಿರೋಧಕ್ಕೆ ಅಥವಾ ಶಸ್ತ್ರಚಿಕಿತ್ಸೆಗೆ ಒಪ್ಪಿದರೆ ಮಾತ್ರ ವಿವಾಹವಾಗಬಹುದೆಂಬ ವಿಧಿಯಿತ್ತು. ಇದನ್ನು ವಿರೋಧಿಸಿ ಅನೇಕ ವಿಜ್ಞಾನಿಗಳು ೧೯೯೮ರ ಬೀಜಿಂಗ್ ಸಮ್ಮೇಳನಕ್ಕೆ ಹೋಗಲಿಲ್ಲ. ೨೦೦೩ರಲ್ಲಿ ವಿವಾಹಪೂರ್ವ ಪರೀಕ್ಷೆಯು ಅಲ್ಲಿ ಐಚ್ಛಿಕವಾಯಿತು. ೨೦೨೧ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯು, ಗಂಭೀರ ರೋಗವುಳ್ಳವರು ವಿವಾಹಕ್ಕೆ ಮೊದಲು ಅದನ್ನು ಎದುರು ಪಕ್ಷಕ್ಕೆ ತಿಳಿಸತಕ್ಕದ್ದು, ತಿಳಿಸದಿದ್ದರೆ ವಿವಾಹವನ್ನು ರದ್ದುಪಡಿಸಲು ಅವರು ಕೋರಬಹುದು ಎಂದು ವಿಧಿಸುತ್ತದೆ. ಅಪ್ಪಣೆಯಿಂದ ಅರಿಕೆಯ ಕಡೆಗೆ ನಡೆದ ಈ ಪಯಣವು ಗಮನಾರ್ಹವಾದುದು. ಜರ್ಮನಿಯಾದರೋ ತನ್ನ ಗತಕಾಲವನ್ನು ನೆನೆದು, ಮುಂದೆ ಬರಬಹುದಾದ ರೋಗವನ್ನು ತಿಳಿಸುವ ಪರೀಕ್ಷೆಗೆ ಮೊದಲು ಸಮಾಲೋಚನೆ ನಡೆಯಲೇಬೇಕೆಂದು ೨೦೧೦ರಿಂದ ಕಾನೂನಿನಿಂದ ಕಡ್ಡಾಯ ಮಾಡಿದೆ.

ನಮ್ಮಂಥ ಸಂಪ್ರದಾಯಸ್ಥರಿಗೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೀಡುಮಾಡುವುದು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಯೆಹೂದ್ಯರ ಕ್ರಮ. ಟೇ-ಸ್ಯಾಕ್ಸ್ ಎಂಬ ಮಾರಕ ಶಿಶುರೋಗದಿಂದ ನಾಲ್ವರು ಮಕ್ಕಳನ್ನು ಕಳೆದುಕೊಂಡ ಧರ್ಮಗುರು ಜೋಸೆಫ್ ಎಕ್ಸ್‌ಟೈನ್ ೧೯೮೩ರಲ್ಲಿ 'ದೋರ್ ಯೆಶೋರಿಮ್' ಎಂಬ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಯೂ ಹಿರಿಯರೇ ಸಂಬಂಧ ಕೂಡಿಸುವ ಪದ್ಧತಿ. ಯುವಕ ಯುವತಿಯರ ರಕ್ತವನ್ನು ಮೊದಲೇ ಪರೀಕ್ಷಿಸಿ ಒಂದೊಂದು ಸಂಖ್ಯೆ ಕೊಡುತ್ತಾರೆ. ಸಂಬಂಧದ ಮಾತು ಬಂದಾಗ ಎರಡು ಸಂಖ್ಯೆಗಳನ್ನು ತಿಳಿಸಿದರೆ, ಹೊಂದುತ್ತದೆ ಅಥವಾ ಹೊಂದುವುದಿಲ್ಲ ಎಂಬ ಉತ್ತರ ಬರುತ್ತದೆ. ಯಾರು ವಾಹಕರೆಂಬುದು ಯಾರಿಗೂ ತಿಳಿಯದು. ಹೊಂದಿದ ಜೋಡಿಯಲ್ಲಿ ಒಬ್ಬರು ವಾಹಕರಾಗಿದ್ದರೂ ಅದು ಅವರಿಗೇ ತಿಳಿಯದು! ತನ್ನ ದೇಹದ ಸತ್ಯವನ್ನು ತನ್ನಿಂದಲೇ ಮುಚ್ಚಿಡುವುದು ಸಲ್ಲದೆಂದು ವೃತ್ತಿನಿರತರ ಆಕ್ಷೇಪಣೆ. ಮಾತಿನ ಮಾರಿ ಮನೆ ಮುರಿಯದಂತೆ ಕಾಪಾಡಿದ್ದೇವೆಂದು ಸಂಸ್ಥೆಯವರ ಸಮಾಧಾನ. ತಂಗಿಯ ಮದುವೆಯ ಚಿಂತೆಯಿದ್ದ ನಮ್ಮ ಆ ಗೃಹಸ್ಥರಿಗೆ ಈ ಕ್ರಮವು ಖಂಡಿತ ರುಚಿಸುತ್ತಿತ್ತು.

ಪೂರ್ವಪಕ್ಷ

ಈಗ ಪೂರ್ವಪಕ್ಷವನ್ನು ಬಲವಾಗಿಯೇ ಮಂಡಿಸೋಣ. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ವೃತ್ತಾಂತವಿದೆ. ಸತ್ಯವನ್ನೇ ನುಡಿಯುವೆನೆಂಬ ವ್ರತಸ್ಥನಾದ ಅವನು, ಪ್ರಾಣಭಯದಿಂದ ಅಡಗಿದ್ದವರ ಸ್ಥಳವನ್ನು ಕಳ್ಳರಿಗೆ ತೋರಿಸಿ ಅವರ ಮರಣಕ್ಕೆ ಕಾರಣನಾಗಿ ಅಧೋಗತಿಗಿಳಿದನು. ದುರುಪಯೋಗ ಮಾಡುವವರ ಕೈಗೆ ಸಿಕ್ಕ ಸತ್ಯ ಹಿಂಸೆಯಾಗುತ್ತದೆ. ಅಮೆರಿಕವು ೨೦೦೮ರಲ್ಲಿ, ವಂಶವಾಹಿಯ ವಿವರಗಳನ್ನು ನೋಡಿ ಆರೋಗ್ಯವಿಮೆಯಲ್ಲಿಯೂ ನೌಕರಿಯಲ್ಲಿಯೂ ಭೇದವೆಣಿಸಬಾರದೆಂದು ಕಾನೂನು ಮಾಡಬೇಕಾಯಿತು. ಜೀವವಿಮೆಗೆ ಆ ರಕ್ಷಣೆ ಅಲ್ಲಿಯೂ ಇಲ್ಲ. ನಮ್ಮಲ್ಲಿ ೨೦೧೮ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಿಮೆಯಲ್ಲಿ ಆನುವಂಶಿಕತೆಯ ಆಧಾರದ ತಾರತಮ್ಯವು ಸಂವಿಧಾನವಿರೋಧಿಯೆಂದು ತೀರ್ಪು ನೀಡಿತು. ವಿಮಾ ಸಂಸ್ಥೆಗಿಂತ ನಿಷ್ಠುರವಾದದ್ದು ಬೀಗರ ಓಣಿ. ಆದ್ದರಿಂದ ಹುಡುಗಿಯ ತಂದೆ ಮೌನವಾಗಿರುವುದೇ ಅಹಿಂಸೆ, ಅದೇ ಧರ್ಮವೆಂದು ವಾದಿಸಬಹುದಲ್ಲವೆ? ನಾವು ಅಂದು ಹೇಳಿದ್ದರ ಹಿಂದೆ ಇದ್ದ ತರ್ಕವೂ ಇದೇ.

ಇದಕ್ಕೆ ಇನ್ನೊಂದು ಬೆಂಬಲವೂ ಉಂಟು. ತಿಳಿಯದಿರುವ ಹಕ್ಕನ್ನು ಇಂದು ಲೋಕವೇ ಒಪ್ಪಿದೆ. ಹಂಟಿಂಗ್ಟನ್ ಎಂಬ ರೋಗವು ನಡುವಯಸ್ಸಿನಲ್ಲಿ ಅಂಗಗಳನ್ನೂ ಬುದ್ಧಿಯನ್ನೂ ಕ್ರಮೇಣ ಕೆಡಿಸುತ್ತದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಅರ್ಧಕ್ಕರ್ಧ ಸಂಭವ. ಅದರ ವಂಶವಾಹಿಯು ೧೯೯೩ರಲ್ಲಿ ಪತ್ತೆಯಾದುದರಿಂದ ಪರೀಕ್ಷೆ ಸುಲಭವಾಯಿತು, ಆದರೆ ರೋಗವನ್ನು ಗುಣಪಡಿಸುವ ಉಪಾಯ ದೊರೆತಿಲ್ಲ. ಪರೀಕ್ಷೆಯೇ ಬೇಡವೆನ್ನುವವರು ಅನೇಕರು. ೧೯೯೭ರ ಯುನೆಸ್ಕೊ ಘೋಷಣೆಯು ಫಲಿತಾಂಶವನ್ನು ತಿಳಿಯಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಪ್ರತಿಯೊಬ್ಬರದೆಂದು ಸಾರಿತು.

ಆದರೆ ಅದೇ ರೋಗದ ಇನ್ನೊಂದು ಪ್ರಸಂಗವನ್ನು ನೋಡಿರಿ. ಇಂಗ್ಲೆಂಡಿನಲ್ಲಿ ೨೦೦೯ರಲ್ಲಿ ಒಬ್ಬಾತನಿಗೆ ಈ ರೋಗವಿರುವುದು ದೃಢಪಟ್ಟಿತು. ಮಗಳು ಆಗ ಗರ್ಭಿಣಿ. ಅವಳಿಗೆ ತಿಳಿಸಕೂಡದೆಂದು ತಂದೆ ಹಟ ಹಿಡಿದನು. ವೈದ್ಯರು ಗೋಪ್ಯವನ್ನು ಪಾಲಿಸಿದರು. ಮಗು ಹುಟ್ಟಿದ ಮೇಲೆ ಆಕಸ್ಮಿಕವಾಗಿ ಅವಳಿಗೆ ತಿಳಿಯಿತು. ತನಗೂ ಆ ವಂಶವಾಹಿಯಿದೆಯೆಂದು ತಿಳಿದುಕೊಂಡ ಅವಳು, ಮೊದಲೇ ಹೇಳಿದ್ದರೆ ನನ್ನ ನಿರ್ಣಯ ಬೇರೆಯಾಗಿರುತ್ತಿತ್ತು ಎಂದು ನ್ಯಾಯಾಲಯಕ್ಕೆ ಹೋದಳು. ರೋಗಿಯ ಗೋಪ್ಯವನ್ನೂ ಬಂಧುವಿನ ಹಿತವನ್ನೂ ತೂಗಿನೋಡುವ ಕರ್ತವ್ಯ ವೈದ್ಯರಿಗಿದೆ, ಆದರೆ ಈ ಪ್ರಕರಣದಲ್ಲಿ ಅವರು ಕರ್ತವ್ಯಲೋಪ ಮಾಡಲಿಲ್ಲ ಎಂದು ೨೦೨೦ರಲ್ಲಿ ತೀರ್ಪಾಯಿತು. ಆ ಮಗಳ ಪ್ರಶ್ನೆಯನ್ನು ಮಾತ್ರ ಯಾವ ತೀರ್ಪೂ ಮುಗಿಸಲಾರದು. ಈ ತೊಡಕನ್ನು ಫ್ರಾನ್ಸ್ ೨೦೧೧ರ ಶಾಸನದಲ್ಲಿ ಬೇರೆ ರೀತಿಯಿಂದ ಬಿಡಿಸಲು ಯತ್ನಿಸಿದೆ. ತಡೆಯಬಹುದಾದ ಅಪಾಯವಿದ್ದಾಗ ಬಂಧುಗಳಿಗೆ ತಿಳಿಸುವುದು ರೋಗಿಯ ಕರ್ತವ್ಯ, ತಾನಾಗಿ ಹೇಳಲಾರದವನ ಹೆಸರನ್ನು ಮುಚ್ಚಿಟ್ಟು ವೈದ್ಯನ ಮೂಲಕ ತಿಳಿಸಲು ಅವಕಾಶವಿದೆ. ವಂಶದ ಸತ್ಯವು ಒಬ್ಬನ ಜೇಬಿನಲ್ಲಿರುವ ಹಣದಂತಲ್ಲ. ಅದು ಅವಿಭಕ್ತ ಕುಟುಂಬದ ಆಸ್ತಿಯಂತೆ, ಒಬ್ಬನು ಬಚ್ಚಿಟ್ಟರೆ ಉಳಿದವರ ಪಾಲೂ ಮುಚ್ಚಿಹೋಗುತ್ತದೆ.

ನಮ್ಮ ಮನೆಯ ಮಾತು

ಈ ಚರ್ಚೆ ಪರದೇಶದ್ದೆಂದು ನಾವು ದೂರ ಸರಿಸಲಾಗದು. ಸಗೋತ್ರ ವಿವಾಹವನ್ನು ಕಟ್ಟುನಿಟ್ಟಾಗಿ ನಿಷೇಧಿಸುವ ನಾವು ಸೋದರಮಾವನಿಗೂ ಅವನ ಮಗನಿಗೂ ಹೆಣ್ಣು ಕೊಡುವುದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದೇವೆ. ಸೋದರಮಾವನ ಮಗಳನ್ನು ವರಿಸುವುದು ದಾಕ್ಷಿಣಾತ್ಯರ ವಿಶೇಷಾಚಾರವೆಂದು ಬೋಧಾಯನ ಧರ್ಮಸೂತ್ರವೇ ಗುರುತಿಸಿದೆ. ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ದೊಡ್ಡ ಪ್ರಮಾಣದಲ್ಲಿ ತಪಾಸಿಸಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ಶಿಶುಗಳ ತಂದೆತಾಯಿಗಳು ರಕ್ತಸಂಬಂಧಿಗಳೆಂದು ತಿಳಿದುಬಂತು. ಒಂದೇ ಮೂಲದ ಊನವು ಎರಡು ಕಡೆಯಿಂದಲೂ ಮಗುವಿಗೆ ಬಂದು ಸೇರುವ ಸಂಭವವು ಸೋದರಸೊಸೆಯ ಮದುವೆಯಲ್ಲಿ, ಅತ್ತೆ-ಮಾವಂದಿರ ಮಕ್ಕಳ ಮದುವೆಗಿಂತ ಎರಡು ಪಟ್ಟು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಪಾಕಿಸ್ತಾನಿ ಮೂಲದ ಕುಟುಂಬಗಳನ್ನು ಒಳಗೊಂಡು ನಡೆದ, ೨೦೧೩ರಲ್ಲಿ ಪ್ರಕಟವಾದ ಅಧ್ಯಯನವು ಒಡಹುಟ್ಟಿದವರ ಮಕ್ಕಳ ನಡುವಿನ ವಿವಾಹದಲ್ಲಿ ಹುಟ್ಟಿನಿಂದ ಬರುವ ಅಂಗವೈಕಲ್ಯದ ಸಂಭವವು ಸುಮಾರು ನೂರಕ್ಕೆ ಮೂರರಿಂದ ಆರಕ್ಕೆ ಏರುವುದನ್ನು ತೋರಿಸಿತು. ಈ ಅಂಕಿಯನ್ನು ಇನ್ನೊಂದು ಕಡೆಯಿಂದಲೂ ಓದಬೇಕು: ನೂರಕ್ಕೆ ತೊಂಬತ್ತನಾಲ್ಕು ಶಿಶುಗಳು ಅಂಥ ತೊಂದರೆಯಿಲ್ಲದೆ ಹುಟ್ಟುತ್ತವೆ. ಎರಡು ಬಗೆಯ ಓದನ್ನೂ ಒಟ್ಟಿಗೆ ತಿಳಿಸುವವನೇ ಪ್ರಾಮಾಣಿಕ ಸಮಾಲೋಚಕ. ೨೦೧೭ರಲ್ಲಿ ಹೈದರಾಬಾದಿನ ವಿಜ್ಞಾನಿಗಳೂ ಕೂಡಿ ಪ್ರಕಟಿಸಿದ ಅಧ್ಯಯನದಂತೆ, ತಮ್ಮತಮ್ಮಲ್ಲಿಯೇ ವಿವಾಹ ನಡೆಸುತ್ತ ಬಂದಿರುವ ದಕ್ಷಿಣ ಏಷ್ಯದ ಅನೇಕ ಸಮುದಾಯಗಳಲ್ಲಿ ಅಲ್ಪಸಂಖ್ಯೆಯ ಪೂರ್ವಜರ ಪ್ರಭಾವವು ಆ ಯೆಹೂದ್ಯರಿಗಿಂತಲೂ ಗಾಢವಾಗಿದೆ. ಬ್ರೂಕ್ಲಿನ್ನಿನ ಕಥೆಯನ್ನು ನಾವು ಕಿವಿಗೊಟ್ಟು ಕೇಳಬೇಕಾದುದು ಇದಕ್ಕಾಗಿಯೇ.

ನಮ್ಮ ದೇಶದ ಸಮಾಲೋಚಕನಿಗೆ ಇರುವ ಇಕ್ಕಟ್ಟುಗಳೂ ಬೇರೆಯೇ. ಸುಶಿಕ್ಷಿತರ ಸಂಖ್ಯೆ ಅತ್ಯಲ್ಪ. ಹೊರರೋಗಿ ವಿಭಾಗದ ಗದ್ದಲದಲ್ಲಿ ವೈದ್ಯರೇ ಕೆಲವು ನಿಮಿಷಗಳಲ್ಲಿ ಹೇಳಿ ಮುಗಿಸಬೇಕು. ಹೆಣ್ಣು ಭ್ರೂಣಗಳ ನಾಶವನ್ನು ತಡೆಯಲು ೧೯೯೪ರಲ್ಲಿ ಆದ ಶಾಸನವು ಗರ್ಭದ ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದೆ. ನಿಜವನ್ನು ಹೇಳಕೂಡದೆಂದು ಕಾನೂನೇ ಆಜ್ಞಾಪಿಸಬೇಕಾದ ನಾಡು ನಮ್ಮದು. ಮುಂಬಯಿಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿ ವೈದ್ಯರು ಹೇಳಿದ್ದನ್ನು ಅತ್ತೆಯು ಕನ್ನಡದಲ್ಲಿ ಸೊಸೆಗೆ ತಿಳಿಸುವಾಗ ಸಂಭವವೆಂಬುದು ಶಾಪವಾಗಿ ಮಾರ್ಪಡುವುದನ್ನು ನಾವು ಬಲ್ಲೆವು. "ನಿಮ್ಮ ಮಗಳೇ ಆಗಿದ್ದರೆ ನೀವೇನು ಮಾಡುತ್ತಿದ್ದಿರಿ, ಡಾಕ್ಟರೇ?" ಎಂದು ಕೈಮುಗಿದು ಕೇಳುವವರಿಗೆ ವಿಚಾರಣಾ ಕಿಟಕಿಯ ಉತ್ತರವು ಸಾಲದು.

ಭಾಷೆಯಲ್ಲಿಯೇ ಒಂದು ತೊಡಕಿದೆ. ಸೇವೆಯಲ್ಲಿದ್ದಾಗ ಒಬ್ಬ ತರುಣನು ಇಂಜಿನ್ ಚಾಲಕನ ಹುದ್ದೆಗೆ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಬಣ್ಣದ ಚುಕ್ಕೆಗಳ ಪುಸ್ತಕದ ಮುಂದೆ ಸೋತುಹೋದದ್ದು ನಮಗೆ ನೆನಪಿದೆ. ೧೮೭೫ರಲ್ಲಿ ಸ್ವೀಡನ್ನಿನ ಲಾಗರ್ಲುಂಡದಲ್ಲಿ ನಡೆದ ರೈಲು ದುರಂತದ ತರುವಾಯ ಇಂಥ ಪರೀಕ್ಷೆಗಳು ರೈಲ್ವೆಗಳಲ್ಲಿ ರೂಢಿಗೆ ಬಂದವು. ಕೆಂಪು-ಹಸಿರುಗಳ ಭೇದ ಕಾಣದ ಈ ಕುರುಡು ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ, ತಾಯಿಗೆ ತಾನು ವಾಹಕಳೆಂಬ ಅರಿವೇ ಇರುವುದಿಲ್ಲ. ಆ ತರುಣನ ತಾಯಿ ಕಚೇರಿಗೆ ಬಂದು, "ನನ್ನ ದೋಷದಿಂದ ಮಗನ ಅನ್ನ ಹೋಯಿತೇ, ಸ್ವಾಮಿ?" ಎಂದು ಕಣ್ಣೀರಿಟ್ಟಳು. ಅವನ ಸೋದರಮಾವನಿಗೂ ಹೀಗೆಯೇ ಆಗಿತ್ತಂತೆ. ನಮ್ಮ ನುಡಿಯಲ್ಲಿ ಜಾತಕದ ಕೊರತೆಯೂ ದೋಷ, ದೇಹದ ವಿಕಾರವೂ ದೋಷ, ಮಾಡಿದ ತಪ್ಪೂ ದೋಷ. ಮೂರನ್ನೂ ಒಂದೇ ಶಬ್ದವು ಹೊತ್ತಿರುವುದರಿಂದ ಕೇಳುವವರು ಒಂದರ ಭಾರವನ್ನು ಮತ್ತೊಂದಕ್ಕೆ ಹೇರಿಕೊಳ್ಳುತ್ತಾರೆ. ವಂಶವಾಹಿಯ ವಿಷಯದಲ್ಲಿ ಈ ಶಬ್ದವನ್ನೇ ಬಳಸದಿರುವುದು ಒಳ್ಳೆಯದು. ದೇಹವು ಜೀವನಿಗೆ ಬಂದದ್ದು, ಜೀವನ ಯೋಗ್ಯತೆಯು ದೇಹದ ಒಂದು ಕಣದಿಂದ ಅಳೆಯುವಂಥದಲ್ಲವೆಂಬುದು ನಮ್ಮ ಸಿದ್ಧಾಂತದಲ್ಲಿ ಸ್ಪಷ್ಟವಾಗಿದೆ.

ಸಿದ್ಧಾಂತ

ಹಾಗಾದರೆ ನಿರ್ಣಯವೇನು? ವನಪರ್ವದ ಸಾವಿತ್ರ್ಯುಪಾಖ್ಯಾನವನ್ನು ಪತಿಭಕ್ತಿಯ ಕಥೆಯೆಂದು ಓದುವುದು ವಾಡಿಕೆ. ಅದರ ಆರಂಭವನ್ನು ನಾವು ಈಚೆಗೆ ಬೇರೆ ಕಣ್ಣಿನಿಂದ ಓದಿದೆವು. ಸಾವಿತ್ರಿಯು ಸತ್ಯವಂತನನ್ನು ವರಿಸಿ ಬಂದಾಗ ಸಭೆಯಲ್ಲಿ ನಾರದರಿದ್ದರು. ಅವರು ಮೊದಲು ವರನ ಗುಣಗಳನ್ನು ನಿಷ್ಪಕ್ಷಪಾತವಾಗಿ ವರ್ಣಿಸಿದರು. ಅಶ್ವಪತಿಯು ಕೊರತೆಯೇನೆಂದು ಕೇಳಿದಾಗ, ವರ್ಷ ತುಂಬಿದ ದಿನ ಅವನ ಆಯುಸ್ಸು ಮುಗಿಯುವುದೆಂದು ನೇರವಾಗಿ ಹೇಳಿದರು. ಹೇಳಿದ್ದು ತಂದೆಯ ಕಿವಿಯಲ್ಲಲ್ಲ, ಬಾಳಬೇಕಾದ ಮಗಳ ಸಮಕ್ಷಮದಲ್ಲಿ. ಬೇರೊಬ್ಬನನ್ನು ವರಿಸೆಂದು ತಂದೆ ಹೇಳಿದನು. ಅವಳು ಒಪ್ಪದಿದ್ದಾಗ ನಾರದರು ಹೆದರಿಸಲಿಲ್ಲ, ಜರೆಯಲಿಲ್ಲ. ಅವಳ ಬುದ್ಧಿ ಸ್ಥಿರವಾಗಿದೆ, ಕನ್ಯಾದಾನ ಮಾಡು ಎಂದು ಹೇಳಿ ಹರಸಿ ಹೋದರು. ಸಂಪೂರ್ಣ ಸತ್ಯ, ಸಕಾಲದಲ್ಲಿ, ಸಂಬಂಧಪಟ್ಟವರಿಗೆ, ನಿರ್ಣಯ ಅವರದು, ನಿರ್ಣಯವಾದ ಮೇಲೆ ಬೆಂಬಲ. ಸಮಾಲೋಚಕನ ಧರ್ಮವೆಲ್ಲ ಇದರಲ್ಲಿ ಅಡಗಿದೆ.

ಇಲ್ಲೊಂದು ಶಂಕೆ. ಸತ್ಯವಂತನಿಗೆ ಯಾರೂ ಹೇಳಲಿಲ್ಲವಲ್ಲ? ಸಾವಿತ್ರಿಯೂ ವರ್ಷವಿಡೀ ಮನಸ್ಸಿನಲ್ಲಿಯೇ ಇಟ್ಟುಕೊಂಡಳು. ಅವನು ಕೇಳಿರಲಿಲ್ಲ, ತಿಳಿದು ಮಾಡುವ ಪ್ರತಿಕ್ರಿಯೆಯೂ ಅವನ ಕೈಯಲ್ಲಿರಲಿಲ್ಲ. ಸಾವಿತ್ರಿಗಾದರೋ ಮಾಡುವುದಿತ್ತು, ಆದ್ದರಿಂದ ಅವಳಿಗೆ ತಿಳಿಯಬೇಕಾಗಿತ್ತು. ಇದರಿಂದ ನಮಗೆ ಹೊಳೆಯುವ ನ್ಯಾಯವಿದು: ಯಾರು ಆ ಸತ್ಯವನ್ನರಿತು ಏನಾದರೂ ಮಾಡಬಲ್ಲರೋ ಅವರಿಗೆ, ಮಾಡಲು ಕಾಲವಿರುವಾಗಲೇ ಹೇಳುವುದು ಕರ್ತವ್ಯ. ಏನನ್ನೂ ಮಾಡಲಾರದವರಿಗೆ ಅವರು ಕೇಳುವ ತನಕ ಕಾಯುವುದು ಕರುಣೆ. ಕೇಡು ಮಾಡುವವರಿಗೆ ಹೇಳದಿರುವುದು ಧರ್ಮ. ಆದರೆ ಮಾಡಬಲ್ಲರೋ ಇಲ್ಲವೋ ಎಂಬುದನ್ನು ಹೇಳುವವರು ತಾವೇ ತೀರ್ಮಾನಿಸಿಬಿಡುವ ದುಡುಕು ಸಲ್ಲದು. ಇಂಗ್ಲೆಂಡಿನ ಆ ತಂದೆ ಮಾಡಿದ ತಪ್ಪು ಅದೇ. ನಾವು ಮಾಡಿದ್ದೂ ಅದೇ.

ಕಾಲದ ಮಾತನ್ನು ಒತ್ತಿ ಹೇಳಬೇಕು. ಮದುವೆಗೆ ಮೊದಲು, ಅಷ್ಟಾಗದಿದ್ದರೆ ಗರ್ಭಧಾರಣೆಗೆ ಮೊದಲು ತಿಳಿದರೆ ಮಾರ್ಗಗಳು ಹಲವು. ಗರ್ಭ ನಿಂತ ಮೇಲೆ ತಿಳಿದರೆ ಉಳಿಯುವ ಮಾರ್ಗಗಳು ಎರಡೇ, ಎರಡೂ ಕಠೋರ. ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿನಲ್ಲಿಟ್ಟ ಶಾಸ್ತ್ರವನ್ನು ನಂಬುವವರು, ಆ ಇಕ್ಕಟ್ಟಿಗೆ ಮಕ್ಕಳನ್ನು ತಳ್ಳುವ ಮೌನವೂ ಆ ಭಾರದಲ್ಲಿ ಪಾಲುದಾರನೆಂಬುದನ್ನು ಯೋಚಿಸಬೇಕು. ಅಂಥ ನಿರ್ಣಯವನ್ನು ತೆಗೆದುಕೊಳ್ಳಬೇಕಾಗಿ ಬಂದ ತಂದೆತಾಯಿಗಳನ್ನು ಜರೆಯುವ ಅಧಿಕಾರ ಆರಾಮಕುರ್ಚಿಯಲ್ಲಿ ಕುಳಿತ ನಮಗಿಲ್ಲ.

ಇನ್ನು ನಮ್ಮ ಆ ಹುಡುಗಿಯ ಕಥೆ. ತಂದೆಯೂ ನಾವೂ ಕೂಡಿ ಮುಚ್ಚಿಟ್ಟದ್ದನ್ನು ಅವಳೇ ವರನಿಗೆ ಹೇಳಿದಳು. ನಿಶ್ಚಿತಾರ್ಥಕ್ಕೆ ಎರಡು ದಿನ ಮೊದಲು ವರದಿಯ ಪ್ರತಿಯನ್ನು ಅವನ ಕೈಗಿತ್ತು, "ನೀವೂ ಪರೀಕ್ಷೆ ಮಾಡಿಸಿ, ಆಮೇಲೆ ಹೇಳಿ" ಎಂದಳಂತೆ. ಅವನು ಮಾಡಿಸಿದನು. ಅವನು ವಾಹಕನಲ್ಲವೆಂದು ತಿಳಿಯಿತು. ಮದುವೆ ನಡೆಯಿತು. ಆರತಕ್ಷತೆಯ ದಿನ ವರನ ತಾಯಿ, ಧಾರವಾಡದ ಕಡೆಯ ವೃದ್ಧೆ, ನಮ್ಮ ಹತ್ತಿರ ಬಂದು ಕುಳಿತು ಮೆಲ್ಲಗೆ ಕೇಳಿದರು: "ರಾಯರ, ನೀವು ತಿಳದವರು. ಹುಡುಗಿ ಹೇಳಿದ್ಲು, ನೀವ್ಯಾಕ ಹೇಳಲಿಲ್ಲ? ನಾವು ಅಷ್ಟು ಸಣ್ಣ ಮನಸ್ಸಿನವರು ಅಂತ ತಿಳಕೊಂಡ್ರೇನು?"

ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಅವರು ಸಣ್ಣ ಮನಸ್ಸಿನವರಾಗಿರಬಹುದೆಂದೇ ನಾವು ಎಣಿಸಿದ್ದೆವು. ಅವರಿಗೆ ದೊಡ್ಡವರಾಗುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಅಂದಿನಿಂದ ನಮ್ಮಲ್ಲಿಗೆ ಜಾತಕ ತರುವವರಿಗೆ, ಎರಡು ಕಡೆಯವರಿಗೂ, ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿ, ಫಲಿತಾಂಶವನ್ನು ನಮಗೆ ಹೇಳಬೇಡಿ, ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ಬೇಕೆನಿಸಿದರೆ ತಜ್ಞರನ್ನು ಕಾಣಲಿ ಎಂದು ಬಿನ್ನವಿಸುತ್ತೇವೆ. ಕೆಲವರು ಹುಬ್ಬುಗಂಟಿಕ್ಕುತ್ತಾರೆ. ಕೆಲವರು ಮಾಡಿಸುತ್ತಾರೆ. ಆ ಹುಡುಗಿಯ ತಂಗಿಯ ಮದುವೆಯೂ ಕಳೆದ ವರ್ಷ ಸಾಂಗವಾಗಿ ನೆರವೇರಿತು.

ಶ್ರೀಕೃಷ್ಣಾರ್ಪಣಮಸ್ತು.